ಸಾಂಬ್ರಾಣಿ ಬಟ್ಟಲು

ಬೀಗಿತ್ತಿ ನಾಗಲಕ್ಷ್ಮಮ್ಮನವರಿಗೆ ಹೆಬ್ಬಗೋಡಿಯಿಂದ ಶ್ಯಾಮಣ್ಣನ ನಮಸ್ಕಾರ.

ನನ್ನ ತಂಗಿ ವನಜಾ, ನಿಮ್ಮ ಮೊಮ್ಮಗಳು ಚಾರ್ವಿ ಇಬ್ಬರೂ ನನ್ನ ಮನೆಯಲ್ಲೇ ಇದ್ದಾರೆ, ಹುಡುಕಬೇಡಿ. ಮಗುವಿನ ಉಬ್ಬಸದ ಪಂಪು ಚಟವಾಗುತ್ತದೆಂದು ನೀವು ಅದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿರಿ. ಮೇಲೆ ತಲೆಗೆ ಎರೆದು ಸಾಂಬ್ರಾಣಿ ಹೊಗೆ ಬೇರೆ ಹಿಡಿದಿರಿ. ಮಗು ಉಸಿರಿಗೆ ಒದ್ದಾಡಿತು. ಮಕ್ಕಳ ಶ್ವಾಸಕೋಶದ ಡಾಕ್ಟರಮ್ಮನ ಹತ್ತಿರ ನಾನೇ ಎತ್ತಿಕೊಂಡು ಓಡಿದೆ.

ಅಲ್ಲಿ ಉಸಿರಿನ ಬಲ ಅಳೆಯಲು ಮಗುವಿಗೆ ಕೊಳವೆ ಊದಲು ಹೇಳಿದರು. ಬೇಗೂರು ಕೆರೆಯನ್ನು ಈಜಿ ದಾಟಿದ ಎದೆ ಇದು ಎಂದು ನಾನೂ ಊದಿದೆ, ಬರೀ ಕೆಮ್ಮು ಬಂತು. "ಚಟ ಅಂದ್ರೆ ನಿಮ್ಮ ಬೀಡಿ ಸಾರ್, ಮಗು ಪಂಪಲ್ಲ," ಅಂದರು ಡಾಕ್ಟರಮ್ಮ. ಆವತ್ತೇ ಬಿಟ್ಟೆ. ಈಗ ನಿಮ್ಮ ಸರದಿ.

ನಿಮ್ಮ ಸಾಂಬ್ರಾಣಿ ಬಟ್ಟಲನ್ನು ತಂದವನೂ ನಾನೇ. ಅದರಲ್ಲಿ ಕೊತ್ತಂಬರಿ ಬಿತ್ತಿದ್ದೇನೆ. ಸೊಪ್ಪು ಬೇಕಾದರೆ ಸುಮ್ಮನೆ ಬನ್ನಿ. ಮಗು ಬೇಕಾದರೆ ಆ ಪಂಪನ್ನು ಕೈಯಲ್ಲಿ ಹಿಡಿದು ಬನ್ನಿ.

ಇಂತಿ, ಬೀಡಿ ಬಿಟ್ಟ
ಶ್ಯಾಮಣ್ಣ