ನಾನು ಓದದೆ ಬಿಟ್ಟ ಕೊನೆಯ ಪುಟ

24-10-1976, ಬಲಿಪಾಡ್ಯ

ಹೆಂಡತಿ ರುಕ್ಮಿಣಿ ಈಗ ಇಲ್ಲದಿದ್ದರೂ ಅತ್ತೆ ವೆಂಕೂಬಾಯಿ ಹಬ್ಬಕ್ಕೆ ಕರೆದಿದ್ದರು. ಬ್ರೂಸ್‌ಪೇಟೆಯ ಟಾಕೀಸಿನಲ್ಲಿ ದೀಪಾವಳಿಯ ಹೊಸ ಸಿನಿಮಾ ನೋಡಿದೆವು. ಮೂಲ ಕಾದಂಬರಿಯಲ್ಲಿ ಹೊಳೆಪಾಲಾಗುವ ನಾಯಕಿಯನ್ನು ಸಿನಿಮಾದವರು ಬದುಕಿಸಿಬಿಟ್ಟಿದ್ದಾರೆ. ಹಬ್ಬದಲ್ಲಿ ಜನ ಅಳುತ್ತ ಮನೆಗೆ ಹೋಗಬಾರದಂತೆ! ಬರೆದವರಿಗೆ ದ್ರೋಹವೆಂದು ದಾರಿಯುದ್ದಕ್ಕೂ ರೇಗಿದೆ.

ರೇಗಲು ನನಗೇನು ಹಕ್ಕು? ಎರಡು ವರ್ಷದ ಹಿಂದೆ, ಹಾಸಿಗೆ ಹಿಡಿದಿದ್ದ ರುಕ್ಮಿಣಿಗೆ ಅದೇ ಪುಸ್ತಕ ಓದಿ ಹೇಳುವಾಗ ನಾನೂ ಕೊನೆಯ ಪುಟ ಬಿಟ್ಟು, ನಾಯಕಿ ದಡ ಸೇರಿದಳೆಂದು ಕಟ್ಟಿ ಹೇಳಿದ್ದೆ.

"ಚಲೋ ಆತು ಬಿಡ್ರಿ, ಉಳಕೊಂಡ್ಳು," ಎಂದು ನಕ್ಕಿದ್ದಳು.

ಇವತ್ತು ಜಟಕಾದಲ್ಲಿ ಅತ್ತೆ ಮೆಲ್ಲಗೆ ಅಂದರು: "ರುಕ್ಕು ಸಾಲಿಗೆ ಹೋಗೋವಾಗ ಈ ಪುಸ್ತಕ ಓದಿದ್ಲ್ರಿ. ಆ ಹುಡುಗಿ ಸತ್ತಳಂತ ಎರಡು ದಿನ ಊಟ ಬಿಟ್ಟಿದ್ಲು."

ಹಾಗಾದರೆ ಅವಳಿಗೆ ಎಲ್ಲ ಗೊತ್ತಿತ್ತು. ನಕ್ಕದ್ದು ನನಗೋಸ್ಕರ.