ಸಂಜೆಗೆ ಅರಳುವ ಪೊದೆ

ಅಪ್ಪಾ,

ಒಂದು ಸುದ್ದಿ ಇದೆ, ಕೂತು ಹೇಳುವಷ್ಟು ಸಮಾಧಾನ ನನಗಿಲ್ಲ! ಝರಾಸಂಗಂ ಗುಡ್ಡದಲ್ಲಿ ನೀನು ತೋರಿಸಿದ್ದ ಪೊದೆ ಹೊಸ ಜಾತಿಯದು. ಜಗತ್ತಿನ ಯಾವ ಪುಸ್ತಕದಲ್ಲೂ ಅದು ಇಲ್ಲ. ಇಂದು ಮಧ್ಯಾಹ್ನ ವಿಜ್ಞಾನ ಪತ್ರಿಕೆಯವರು ನನ್ನ ಲೇಖನ ಒಪ್ಪಿಕೊಂಡರು. ಜಹೀರಾಬಾದ್ ಬಸ್ಸಿನಲ್ಲೇ ಕೂಗಿಬಿಟ್ಟೆ. ಪಕ್ಕದ ಮುದುಕಿ, "ಏನಾತವ್ವ, ನೌಕರಿ ಸಿಕ್ಕಿತೇನು?" ಎಂದಳು. ಅವಳಿಗೂ ಹೂವಿನ ಫೋಟೋ ತೋರಿಸಿದೆ.

ಅಂದು ಕುರಿ ಮೇಯಿಸುತ್ತಾ ನೀನು ಹೇಳಿದ್ದೆ: "ಮನಿಷಾ, ಇದು ಗೋರಂಟಿ ಹೂವಿನ ಗಿಡ ಅಲ್ಲ. ಅದು ಮುಂಜಾನಿ ಅರಳ್ತದ, ಇದು ಸಂಜೀಕ. ಕುರಿ ಇದಕ್ಕ ಬಾಯಿ ಸುದ್ದಾ ಹಾಕಂಗಿಲ್ಲ."

ಆಗ ನಾನು ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. "ಎಲ್ಲಾ ಪುಸ್ತಕದಾಗ ಅದ, ಅಪ್ಪಾ" ಎಂದೆ. ಫೋನಿನಿಂದ ತಲೆ ಎತ್ತಲಿಲ್ಲ.

ನೀನು ತೀರಿಹೋದ ಮರುವರ್ಷ ಒಂದು ಸಂಜೆ ಆ ಗುಡ್ಡ ಹತ್ತಿದೆ. ನೋಡುತ್ತಿದ್ದಂತೆಯೇ ಬಿಳಿ ಮೊಗ್ಗುಗಳು ಒಂದೊಂದಾಗಿ ಬಿರಿದವು! ಎಲೆಯ ಅಡಿ ರೇಷ್ಮೆಯಂಥ ರೋಮ, ಗೋರಂಟಿಗೆ ಇಲ್ಲದ್ದು. ಎರಡು ವರ್ಷ ಎಲೆ, ಹೂ, ಬೀಜ ಅಳೆದೆ. ಸಂಗ್ರಹಾಲಯಗಳಲ್ಲಿ ಒಣಗಿಸಿಟ್ಟ ನೂರಾರು ಗಿಡಗಳ ಪಕ್ಕ ಇಟ್ಟು ನೋಡಿದೆ. ಯಾವುದೂ ಹೊಂದಲಿಲ್ಲ.

ಲೇಖನದಲ್ಲಿ ಊರವರು ಕರೆಯುವ ಹೆಸರನ್ನೂ ಬರೆಯಬೇಕಿತ್ತು. ನಿನ್ನ ಜೊತೆ ಕುರಿ ಕಾಯುತ್ತಿದ್ದ ಭೀಮಾಶಂಕರ ಕಾಕಾನನ್ನು ಕೇಳಿದೆ.

"ನಿಮ್ಮಪ್ಪ ಒಬ್ಬನೇ ಅದಕ್ಕ ಏನೋ ಛಂದ ಹೆಸರು ಇಟ್ಟಿದ್ದ, ನನಗ ನೆನಪಿಲ್ಲ" ಎಂದ ಕಾಕಾ. "ನೀ ಕೇಳಿಲ್ಲೇನು?"

ಗಿಡದ ವೈಜ್ಞಾನಿಕ ಹೆಸರಿನಲ್ಲಿ ಶಿವರಾಯ ಎಂಬ ನಿನ್ನ ಹೆಸರು ಸೇರಿಸಿದ್ದೇನೆ. ಸ್ಥಳೀಯ ಹೆಸರಿನ ಮುಂದೆ 'ತಿಳಿದಿಲ್ಲ' ಎಂದು ಬರೆದೆ, ಅಪ್ಪಾ.