ಬೆಂಚಿನ ಎಡಗಡೆ

ಬ್ಯಾಡಗಿ
ಭಾನುವಾರ

ದುರ್ಗಕ್ಕಾ,

ನನ್ನ ತಲೆಯಲ್ಲಿ ಬಿಳಿಕೂದಲು ಬಂದಿವೆ, ನೀನಿನ್ನೂ ಎರಡು ಜಡೆಯ ಹುಡುಗಿ. ಆದರೂ ಅಕ್ಕಾ ಎನ್ನದೆ ನಿನ್ನನ್ನು ಕರೆಯಲು ನಾಲಿಗೆ ಏಳುವುದಿಲ್ಲ. ನಿನಗೆ ನಾನು ಪತ್ರ ಬರೆದವಳಲ್ಲ. ಕರೆದಾಗಲೆಲ್ಲ ನೀನೇ ಬರುತ್ತಿದ್ದುದರಿಂದ ಅದರ ಅಗತ್ಯವೂ ಬಿದ್ದಿರಲಿಲ್ಲ. ಇಂದು ಬರೆಯುತ್ತಿರುವುದು ನನ್ನ ಮಗಳು ಮೇಘಾಳಿಗಾಗಿ. ಅವಳನ್ನು ನೀನು ಚೆನ್ನಾಗಿ ಬಲ್ಲೆ.

ಅಪ್ಪ ಹುಬ್ಬಳ್ಳಿಯ ಹಳೇ ಬಂಗಲೆಯೊಂದರ ಹರಾಜಿನಲ್ಲಿ ಪಿಯಾನೋ ಹಿಡಿದು, ಮೆಣಸಿನಕಾಯಿ ಚೀಲದ ಲಾರಿಯಲ್ಲೇ ಮನೆಗೆ ತಂದ ದಿನ ನೆನಪಿದೆಯೇ? ಓಣಿಯ ಹೆಂಗಸರೆಲ್ಲ ಬಂದು, "ಯವ್ವಾ, ಎಷ್ಟ್ ದೊಡ್ಡ ಪೇಟಿ! ಗಾಳಿ ಹಾಕೂದು ಎಲ್ಲಿಂದ್ರೀ?" ಎಂದು, ಹಾರ್ಮೋನಿಯಂ ಎಂದೇ ತಿಳಿದು, ಅದರ ಬೆನ್ನನ್ನೆಲ್ಲ ತಡಕಿದ್ದರು. ಹಾವೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಟೀಚರು ಮೆಣಸಿನ ಘಾಟಿಗೆ ಪಾಠ ಮುಗಿಯುವವರೆಗೂ ಸೀನುತ್ತಿದ್ದರು, ನೀನು ಆ ಸೀನನ್ನೂ ತಾಳಕ್ಕೆ ಸೇರಿಸಿ ನುಡಿಸುತ್ತಿದ್ದೆ. ಇದ್ದದ್ದು ಒಂದೇ ಬೆಂಚು. ಎಡಗಡೆ ನೀನು, ಬಲಗಡೆ ನಾನು. ಕೆಳಗಿನ ತುಂಬು ಸ್ವರಗಳೆಲ್ಲ ನಿನ್ನವು, ಮೇಲಿನ ಕಿಣಿಕಿಣಿ ನನ್ನದು. ಎಡಗೈಯಿಂದ ನುಡಿಸುವುದನ್ನು ನಾನು ಕಲಿಯಲೇ ಇಲ್ಲ.

ಆಮೇಲೆ, ರಜೆಗೆ ಐರಣಿಗೆ ಹೋದಾಗ, ಹೊಳೆ ನಿನ್ನನ್ನು ಕರೆದುಕೊಂಡಿತು.

ಹೋದವರು ಯಾವ ರೂಪದಲ್ಲಿ ಮನೆಗೆ ಬರುತ್ತಾರೆಂದು ತಿಳಿಯಲು ನಮ್ಮವರು ಜೀವ ಹೋದ ಜಾಗದಲ್ಲಿ ಹಿಟ್ಟು ಹರವಿ, ಬುಟ್ಟಿ ಮುಚ್ಚಿ, ಬೆಳಿಗ್ಗೆ ಹೆಜ್ಜೆ ಹುಡುಕುತ್ತಾರೆ. ನೀನು ಹೋದದ್ದು ನೀರಿನಲ್ಲಿ. ಹಿಟ್ಟನ್ನು ಎಲ್ಲಿ ಹರವುವುದು? ಅವ್ವ ಜೋಳದ ಹಿಟ್ಟಿನ ಪರಾತ ಎತ್ತಿಕೊಂಡು ನೇರ ಪಿಯಾನೋ ಹತ್ತಿರ ನಡೆದಳು. "ಬಂದ್ರ ಇಲ್ಲೇ ಬರ್ತಾಳ ನನ ಮಗಳು, ಬ್ಯಾರೆ ಎಲ್ಲಿ ಹೋಗ್ತಾಳ?" ಎಂದು ಕೀಲಿಮಣೆಯ ಮೇಲೆಲ್ಲ ತೆಳ್ಳಗೆ ಹರವಿದಳು. ಬೆಳಿಗ್ಗೆ ನೋಡಿದರೆ ಎಡಗಡೆಯ ಕೆಲವು ಕೀಗಳ ಮೇಲೆ ಬೆರಳಗಲ ಹಿಟ್ಟು ಸರಿದಿತ್ತು. ಇಲಿ ಓಡಾಡಿರಬೇಕು ಎಂದರು ಅಪ್ಪ. ನಾನು ಆ ಕೀಗಳನ್ನೇ ಒಂದೊಂದಾಗಿ ಒತ್ತಿದೆ. ಅದು ಇಲಿಯ ಕೆಲಸವಲ್ಲ, ಅದೊಂದು ರಾಗದ ಮೊದಲ ಸಾಲು. ಅದರ ಮೇಲೆ ನನ್ನ ಬಲಗೈ ತಾನಾಗಿ ಉಳಿದದ್ದನ್ನು ಹೆಣೆಯಿತು. ಹಾಗೆ ನಾನು ಸಂಗೀತ ರಚಿಸುವವಳಾದೆ.

ಮುಂಬಯಿಗೆ ಸಂಗೀತ ರಚನೆ ಕಲಿಯಲು ಹೋದಾಗ ಅಲ್ಲಿನ ದೊಡ್ಡ ಸಂಗೀತಗಾರರೊಬ್ಬರು, ಹೆಣ್ಣುಮಕ್ಕಳು ಚೆನ್ನಾಗಿ ನುಡಿಸಬಹುದು, ಸ್ವಂತ ಸಂಗೀತ ಬರೆಯುವುದುಂಟೇ ಎಂದು ಮುಖಕ್ಕೇ ಕೇಳಿದರು. ಮೈಯೆಲ್ಲ ಉರಿದುಹೋಯಿತು. ಅವ್ವ ರೊಟ್ಟಿಗೆಂದು ಕಳಿಸಿದ್ದ ಹಿಟ್ಟನ್ನು ಅಂದು ಸಂಜೆಯೇ ಪಿಯಾನೋ ಮೇಲೆ ಹರವಿದೆ. ನೀನು ಅಲ್ಲಿಗೂ ಬಂದೆ! ಅಲ್ಲಿಂದ ಮುಂದೆ ನನ್ನ ಪದ್ಧತಿ ಅದೇ ಆಯಿತು. ಬಲಗೈಯದನ್ನು ನಾನು ಬರೆಯುವುದು, ಎಡಗೈಯದಕ್ಕೆ ಹಿಟ್ಟು ಹರವಿ ಮಲಗುವುದು. ಆ ರಚನೆಗಳನ್ನು ಬೇರೆಯವರು ನುಡಿಸಿದರು, ಸಭಾಂಗಣಗಳು ತುಂಬಿದವು, ಪರದೇಶದವರು ಕರೆಸಿಕೊಂಡರು. ಈಕೆ ಎಡಗೈಗೆ ಬರೆಯುವುದರಲ್ಲಿ ಏನೋ ಆಳವಿದೆ, ಕೇಳಿದರೆ ಚಳಿ ಹತ್ತುತ್ತದೆ ಎಂದು ಪತ್ರಿಕೆಯವರು ಬರೆದರು. ಅಲ್ಲಿ ಪಿಯಾನೋ ಶ್ರುತಿ ಮಾಡಲು ಬರುತ್ತಿದ್ದ ನಮ್ಮ ಕಡೆಯ ಮುಜಾಫರ ಒಮ್ಮೆ ಕೀಲಿಮಣೆ ಬಿಚ್ಚಿ ಹುಳ ಹತ್ತಿದ ಹಿಟ್ಟನ್ನು ನೋಡಿ, "ಇದರಾಗ ರೊಟ್ಟಿ ಬಡೀತೀರೇನ್ರೀ ಮೇಡಂ?" ಎಂದಿದ್ದ.

ಅಪ್ಪ ಹೋದ ಮೇಲೆ ಅವ್ವನ ಜೊತೆಗಿರಲೆಂದು ನಾವು ಬ್ಯಾಡಗಿಗೇ ಬಂದೆವು. ನನ್ನ ಗಂಡ ಪ್ರೇಮಕುಮಾರ ರಾಣೆಬೆನ್ನೂರಿನ ಕಾಲೇಜಿಗೆ ಇಲ್ಲಿಂದಲೇ ಓಡಾಡುತ್ತಾನೆ. ಮುಂಬಯಿಯ ವಾದ್ಯವೃಂದಕ್ಕೆ ನಾನೀಗ ಬರೆಯುತ್ತಿರುವುದು ನನ್ನ ಅತಿ ದೊಡ್ಡ ರಚನೆ. ಅರ್ಧ ಆಗಿದೆ. ಅದಕ್ಕಾಗಿ ಈ ಸಲ ಹಿಟ್ಟು ಹರವಿದ್ದು ನಮ್ಮ ಹಳೇ ಪಿಯಾನೋದ ಮೇಲೆ. ಅದೇ ಪಿಯಾನೋದಲ್ಲಿ ಮೇಘಾ ಪಾಠ ಕಲಿಯುತ್ತಿದ್ದಾಳೆ.

ಅವಳು ಬೆಂಚಿನ ಬಲತುದಿಗೆ ಅಂಟಿಕೊಂಡು ಕೂರುವುದನ್ನು ಮೊದಲು ನಾನು ಗಮನಿಸಲಿಲ್ಲ. ಒಂದು ಸಂಜೆ ನಡುವಿಗೆ ಸರಿಸಲು ಹೋದೆ. "ಬ್ಯಾಡ ಮಮ್ಮೀ, ಅಲ್ಲಿ ಅಕ್ಕಾ ಕುಂತಾಳ," ಎಂದಳು. ಯಾವ ಅಕ್ಕ ಎಂದೆ. "ಎರಡು ಜಡೀ ಅಕ್ಕಾ. ಅಕಿ ಕೂದಲಾ ಯಾವಾಗ್ಲೂ ಹಸೀನ ಇರ್ತಾವ." ಬೆಂಚಿನ ಎಡಗಡೆ ಮುಟ್ಟಿದೆ. ಒದ್ದೆಯಾಗಿತ್ತು, ತಣ್ಣಗಿತ್ತು. ಹೊಳೆಯ ವಿಷಯ ಈ ಮನೆಯಲ್ಲಿ ಯಾರೂ ಅವಳ ಮುಂದೆ ಎತ್ತಿದವರಲ್ಲ. ನಿನ್ನ ಫೋಟೋ ಕೂಡ ಅವ್ವನ ಟ್ರಂಕಿನ ತಳದಲ್ಲಿದೆ.

ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ನೀನು ಪರಕೀಯಳಲ್ಲ, ಅವಳ ದೊಡ್ಡಮ್ಮ. ಆದರೆ ನಿನ್ನೆ ಊಟಕ್ಕೆ ಕುಳಿತಾಗ ಮೇಘಾ, "ಅಕ್ಕಾಗ ಅಲ್ಲಿ ಒಬ್ಬಾಕೀಗೇ ಬ್ಯಾಸರಾ ಅಂತ. ಹೊಳೀಗೆ ಹೋಗೂಣು ಬಾ ಅಂತಾಳ. ರಜಾದಾಗ ಹೋಗ್ಲೇನ ಮಮ್ಮೀ?" ಎಂದು ಕೇಳಿದಳು. ಅವ್ವನ ಕೈಯಲ್ಲಿದ್ದ ರೊಟ್ಟಿ ಹಾಗೇ ಜಾರಿತು. ಅವ್ವ ನನ್ನ ಕಡೆ ತಿರುಗಿದಳು. "ನಾ ಒಮ್ಮೆ ಹಿಟ್ಟ ಹಾಕಿದ್ದೆ ನೀಲಾ, ಅಕಿ ಮಾರಿ ನೋಡೂ ಆಸೀಗೆ. ದಿನಾ ಕರದಾಕಿ ನೀನು. ಕಳಸಾಕೀನೂ ನೀನ ಆಗಬೇಕು."

ಇಂದು ಬೆಳಿಗ್ಗೆ ಕೀಗಳನ್ನೆಲ್ಲ ಒರೆಸಿದೆ. ಮೇಘಾಳನ್ನು ಬಲಗಡೆ ಕೂರಿಸಿ, ನಿನ್ನ ಜಾಗದಲ್ಲಿ ನಾನು ಕುಳಿತೆ. ನನಗೆ ಎಷ್ಟು ಹೆದರಿಕೆಯಾಯಿತೆಂದು ನಿನಗೆ ಗೊತ್ತು, ನೀನು ಅಲ್ಲೇ ಇದ್ದೆ. ಸೀರೆ ಒದ್ದೆಯಾಯಿತು. ತೊಡೆ ಮರಗಟ್ಟಿತು. ಕಿವಿಯ ಹತ್ತಿರ ಯಾರೋ ಉಸಿರು ಬಿಗಿಹಿಡಿದಂತಿತ್ತು. ನಾನು ಏಳಲಿಲ್ಲ. ಎಡಗೈಯಿಂದ ನುಡಿಸಿದೆ, ನನ್ನದೇ ಎಡಗೈಯಿಂದ. ಕಲಿಯುವ ಮಕ್ಕಳು ನುಡಿಸುವ ಹಾಗೆ ತಡವರಿಸಿತು. ಮೇಘಾ ನಕ್ಕು, "ತಪ್ಪಾತು ಮಮ್ಮೀ," ಎಂದಳು. ಆ ದೊಡ್ಡ ರಚನೆಯ ಉಳಿದರ್ಧ ಇನ್ನು ಬರುವುದಿಲ್ಲ, ಬಂದರೂ ಯಾರಿಗೂ ಚಳಿ ಹತ್ತುವುದಿಲ್ಲ. ಮುಂಬಯಿಯವರಿಗೆ ಆಗುವುದಿಲ್ಲ ಎಂದು ಫೋನಿನಲ್ಲಿ ಹೇಳಿಬಿಟ್ಟೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ, ಸಂಗೀತಕ್ಕಾಗಿಯೋ ನಿನಗಾಗಿಯೋ ತಿಳಿಯಲಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ವರ್ಷ ನನ್ನ ಪಕ್ಕ ಕುಳಿತೆ, ನನ್ನ ಹೆಸರಿಗೆ ನುಡಿಸಿದೆ, ಒಮ್ಮೆಯೂ ಏನನ್ನೂ ಕೇಳಲಿಲ್ಲ. ಈಗ ಕೇಳಿದ್ದನ್ನು ಮಾತ್ರ ನಾನು ಕೊಡಲಾರೆ. ಅಲ್ಲಿ ನಿನಗೆ ಜೊತೆ ಸಿಗಲಿ, ನಿನ್ನ ವಾರಿಗೆಯವರು ಸಿಗಲಿ, ಎಲ್ಲಿದ್ದರೂ ಬೆಚ್ಚಗಿರು. ನಮ್ಮ ಕಡೆ ಮನೆಯವರನ್ನು ಬರೀ ಹೋಗು ಎಂದು ಯಾರೂ ಕಳಿಸುವುದಿಲ್ಲ. ನಿನ್ನನ್ನು ಅಂಗಳದಿಂದ ಎತ್ತುವಾಗಲೂ ಅವ್ವ "ಹೋಗಿ ಬಾ ನನ್ನವ್ವಾ" ಎಂದೇ ಅತ್ತಿದ್ದಳು. ನೀನು ಆ ಮಾತನ್ನು ನಡೆಸಿಕೊಟ್ಟೆ, ಬಂದೆ.

ನಾನು ಅರ್ಧವನ್ನಷ್ಟೇ ಹೇಳುತ್ತೇನೆ. ಹೋಗು, ಅಕ್ಕಾ.

ನಿನ್ನ ತಂಗಿ, ಮೇಘಾಳ ತಾಯಿ,
ನೀಲಾ